ನಾನು ಬಾಯಿ ಮುಚ್ಚಿ ಕೂತ ಆಗಸ್ಟ್

ಈಜುಕೊಳದ ಕ್ಲೋರಿನ್ ವಾಸನೆ ಬಂದರೆ ಬೇರೆಯವರಿಗೆ ಬೇಸಿಗೆ ರಜೆ ನೆನಪಾಗುತ್ತದೋ ಏನೋ, ನನಗೆ ಮಾತ್ರ ಪಿಯುಸಿ ಅಡ್ಮಿಷನ್ ನೆನಪಾಗುತ್ತದೆ. ಹೋದ ತಿಂಗಳು ತಂಗಿಯ ಮನೆಗೆಂದು ಅಮೆರಿಕದ ಸನ್ನಿವೇಲ್‌ಗೆ ಹೋಗಿದ್ದೆ. ಸಂಜೆ ವಾಕಿಂಗಿಗೆ ಹೊರಟವಳು ಕಾಲು ಎಳೆದ ಕಡೆ ನಡೆದು, ನಾವು ಹಿಂದೆ ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಬಂದು ನಿಂತಿದ್ದೆ. ಗೋಡೆಗಳ ಬಣ್ಣ ಬದಲಾಗಿದೆ, ನಾವಿದ್ದ ಮನೆಯ ಬಾಲ್ಕನಿಯಲ್ಲಿ ಯಾರದೋ ಸೈಕಲ್ಲುಗಳಿವೆ. ಆದರೆ ಕ್ಲಬ್‌ಹೌಸು ಅಲ್ಲೇ ಇತ್ತು, ಅದಕ್ಕೆ ಒತ್ತಿಕೊಂಡ ಈಜುಕೊಳವೂ ಇತ್ತು. ಗಾಳಿ ಬೀಸಿ ಆ ವಾಸನೆ ಮೂಗಿಗೆ ಬಂತು ನೋಡಿ. ವರ್ಷಗಟ್ಟಲೆ ಮೈಸೂರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳಿಗೆ ಕ್ಲೋರಿನ್ ಅಂದರೆ ಲ್ಯಾಬು ನೆನಪಾಗಬೇಕಿತ್ತು. ನೆನಪಾದದ್ದು ರುಬೀನಾ, ಹುಬ್ಬಳ್ಳಿಯ ಹುಡುಗಿ.

ಅದು ಎರಡು ಸಾವಿರದ ಇಸವಿಯ ಆಗಸ್ಟು. ನಮ್ಮವರ ಕೆಲಸದ ಬೆನ್ನು ಹಿಡಿದು ನಾನು ಅಲ್ಲಿಗೆ ಹೋಗಿ ಒಂದು ವರ್ಷವಾಗಿತ್ತು. ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಊರಿಗೆ ಊರೇ ಕೆಲಸದ ಹುಚ್ಚಿನಲ್ಲಿತ್ತು. ಫ್ರೀವೇ ಪಕ್ಕದ ಬೋರ್ಡುಗಳಲ್ಲೆಲ್ಲ ಡಾಟ್ ಕಾಮ್ ಕಂಪನಿಗಳ ಹೆಸರುಗಳೇ. ಬೆಳಿಗ್ಗೆ ಒಂದು ಕಂಪನಿ ಬಿಟ್ಟವನು ಮಧ್ಯಾಹ್ನ ಇನ್ನೊಂದಕ್ಕೆ ಸೇರುತ್ತಿದ್ದ. ಅಷ್ಟು ಜನರ ನಡುವೆ ನಾನೊಬ್ಬಳು ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಾ ಕೂತಿದ್ದೆ. ತರಗತಿಯಲ್ಲಿ ಎಂಬತ್ತು ಮಕ್ಕಳನ್ನು ಒಂದೇ ನೋಟಕ್ಕೆ ಸುಮ್ಮನಾಗಿಸುತ್ತಿದ್ದವಳು ನಾನು. ಅಲ್ಲಿ ನನ್ನ ಕಣ್ಣಿಗೆ ಹೆದರಲು ಕುಕ್ಕರು ಬಿಟ್ಟರೆ ಇನ್ನಾರೂ ಇರಲಿಲ್ಲ.

ಕೆಳಗಿನ ಮನೆಯ ನಾಗರಾಜ್ ಒಂದು ದಿನ ಕೈಯಲ್ಲಿ ಫಾರ್ಮು ಹಿಡಿದು ಬಂದರು. ಅವರೂ ಮೈಸೂರಿನವರೇ, ಇಂಜಿನಿಯರು. ಮಗ ಹನ್ನೊಂದನೇ ಗ್ರೇಡಿಗೆ ಕಾಲಿಡುವವನಿದ್ದ. "ಮೇಡಂ, ಇದನ್ನ ನಾಲ್ಕು ಸಲ ಓದ್ದೆ. ಪಿಸಿಎಂಬಿ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಯಾವುದಕ್ಕೆ ಟಿಕ್ ಹಾಕ್ಲಿ?" ಅಂದರು. ಹಿಂದೆ ನಿಂತಿದ್ದ ಮಗ ಇಂಗ್ಲಿಷಿನಲ್ಲಿ, "ಡ್ಯಾಡ್, ಹಾಗೆಲ್ಲ ಇಲ್ಲಿ ಇಲ್ಲ ಅಂತ ಎಷ್ಟು ಸಲ ಹೇಳೋದು," ಎಂದು ಹಣೆ ಚಚ್ಚಿಕೊಂಡ. ನಾನು ಫಾರ್ಮು ಇಸಿದುಕೊಂಡು ಓದಿದೆ. ಸೈನ್ಸು, ಕಾಮರ್ಸು, ಆರ್ಟ್ಸು ಅನ್ನುವ ಮೂರು ಬಾಗಿಲುಗಳು ಅಲ್ಲಿ ಇರಲೇ ಇಲ್ಲ. ಒಂದೊಂದು ವಿಷಯವನ್ನೂ ಬೇರೆಬೇರೆಯಾಗಿ ಆರಿಸಬೇಕು, ಆರಿಸಬೇಕಾದದ್ದು ಮಗು. ಅಯ್ಯೋ, ನನಗೆ ಎಷ್ಟು ಖುಷಿಯಾಯಿತು ಅಂದರೆ, ಒಂದು ವರ್ಷದ ಮೇಲೆ ಕೈಗೆ ಚಾಕ್‌ಪೀಸು ಸಿಕ್ಕ ಹಾಗಾಯಿತು. ಆ ವಾರವೇ ಹತ್ತಿರದ ಹೈಸ್ಕೂಲಿಗೆ ಹೋಗಿ, ಪುಗಸಟ್ಟೆ ಕೆಲಸ ಮಾಡಿಕೊಡುತ್ತೇನೆ, ಭಾರತದಿಂದ ಬಂದ ಅಪ್ಪ ಅಮ್ಮಂದಿರಿಗೆ ನಿಮ್ಮ ಪದ್ಧತಿ ತಿಳಿಸಿ ಹೇಳುತ್ತೇನೆ ಎಂದೆ. ಅವರು ಸಂತೋಷದಿಂದ ಒಪ್ಪಿಕೊಂಡರು.

ಹಾಗೆ ಪ್ರತಿ ಶನಿವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ನನ್ನ ಕ್ಲಾಸು ಶುರುವಾಯಿತು. ಐದಾರು ಸಂಸಾರಗಳು ಬರುತ್ತಿದ್ದವು. ಕಿಟಕಿಯಾಚೆ ಮಕ್ಕಳು ನೀರಿಗೆ ದಬದಬ ಹಾರುವ ಸದ್ದು, ಒಳಗೆಲ್ಲ ಕ್ಲೋರಿನ್ ವಾಸನೆ, ಬೋರ್ಡಿನ ಮುಂದೆ ನಾನು. ಹನ್ನೊಂದನೇ ಗ್ರೇಡು ಅಂದರೆ ನಮ್ಮ ಫಸ್ಟ್ ಪಿಯುಸಿ ಇದ್ದ ಹಾಗೆ, ಆದರೆ ಕಾಲೇಜಲ್ಲ, ಸ್ಕೂಲೇ. ಟೀಚರು ಒಳಗೆ ಬಂದರೆ ಎದ್ದು ನಿಲ್ಲಬೇಕಾಗಿಲ್ಲ. ಪ್ರತಿ ಪಿರಿಯಡ್ಡಿಗೂ ಮಕ್ಕಳೇ ಕೋಣೆ ಬದಲಿಸಬೇಕು. "ಪಬ್ಲಿಕ್ ಎಕ್ಸಾಮು ಯಾವಾಗ?" ಎಂದು ಒಬ್ಬರು ಕೇಳಿದರೆ, "ಬರೀ ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಸಾಕಾ ಮೇಡಂ? ಟ್ಯೂಷನ್ನಿಗೆ ಎಲ್ಲಿ ಹಾಕೋದು?" ಎಂದು ಇನ್ನೊಬ್ಬರು ಕೇಳುತ್ತಿದ್ದರು. ನಾನು ಎಲ್ಲಕ್ಕೂ ಉತ್ತರ ಕೊಡುತ್ತಿದ್ದೆ. ಯಾವ ಮಗು ಯಾವ ಕ್ಲಾಸಿಗೆ ಎಂದು ತೀರ್ಮಾನಿಸುವವರು ಸ್ಕೂಲಿನ ಕೌನ್ಸೆಲರ್. ಕೊನೆಗೆ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಕೌನ್ಸೆಲರ್ ಮುಂದೆ ಮಕ್ಕಳೇ ಮಾತಾಡಬೇಕು, ಅಪ್ಪ ಅಮ್ಮ ಸುಮ್ಮನಿರಬೇಕು. ಬರೆದು ಎರಡೆರಡು ಗೆರೆ ಎಳೆದೆ. ಆ ಗೆರೆ ಎಳೆದವಳು ನಾನೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡನೇ ಶನಿವಾರ ಕ್ಲಾಸು ಮುಗಿದ ಮೇಲೂ ಒಬ್ಬ ತಾಯಿ ಹೋಗದೆ ಕೂತಿದ್ದರು. ಪಕ್ಕದಲ್ಲಿ ದುಪಟ್ಟಾ ಹೊದ್ದ ಹುಡುಗಿ. ತಾಯಿಯ ಹೆಸರು ಜೈಬುನ್ನಿಸಾ, ಹುಡುಗಿ ರುಬೀನಾ. ಹುಬ್ಬಳ್ಳಿಯಿಂದ ಬಂದು ಮೂರು ವಾರವಾಗಿತ್ತಷ್ಟೆ. ತಂದೆ ಇಮ್ತಿಯಾಜ್ ಹೊಸ ಹೊಸ ಆಫೀಸುಗಳಿಗೆ ಕಂಪ್ಯೂಟರಿನ ಕೇಬಲ್ ಎಳೆಯುವ ಕೆಲಸದಲ್ಲಿದ್ದರು. ನಾಲ್ಕು ವರ್ಷ ಒಬ್ಬರೇ ಇದ್ದು, ಈಗ ಹೆಂಡತಿ ಮಗಳನ್ನು ಕರೆಸಿಕೊಂಡಿದ್ದರು.

"ಅಕ್ಕೋರ, ಇಕಿ ಎಸ್ಸೆಸ್ಸೆಲ್ಸಿಯಾಗ ಇಡೀ ಸಾಲಿಗೇ ಫಸ್ಟ್ ಬಂದಾಳ್ರಿ. ನಮಗ ಇಲ್ಲಿದೇನೂ ತಿಳಿಯಂಗಿಲ್ಲ. ನೀವ ಕರಕೊಂಡು ಹೋಗಿ ಹೆಸರು ಹಚ್ಚಿಸಿ ಬರ್ರಿ," ಎಂದು ಆಕೆ ಅಂಕಪಟ್ಟಿಯನ್ನು ನನ್ನ ಕೈಗಿತ್ತರು. ಲೇಡಿ ಟೀಚರನ್ನು ಅಕ್ಕೋರ ಎನ್ನುವ ಆ ಕರೆ ಕೇಳಿ ನಾನು ಕರಗಿಹೋದೆ. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿದ್ದ ಪಟ್ಟಿ. ಎಂಬತ್ತೊಂದು ಪರ್ಸೆಂಟು, ಸೈನ್ಸಿನಲ್ಲಿ ಎಂಬತ್ತೆಂಟು. "ಏನಮ್ಮಾ, ಮುಂದೆ ಏನು ಓದ್ತೀಯಾ?" ಎಂದು ಕೇಳಿದೆ. ರುಬೀನಾ ಎದ್ದು ನಿಂತು, "ಬಯಾಲಜಿರಿ ಮೇಡಂ," ಎಂದು ತಲೆ ಬಗ್ಗಿಸಿದಳು. ಎಷ್ಟು ಒಳ್ಳೆಯ ನಡತೆ ಅಂದುಕೊಂಡೆ.

ಬುಧವಾರ ಕೌನ್ಸೆಲರ್ ಕೋಣೆಗೆ ಹೋದೆವು. ಕೌನ್ಸೆಲರ್ ಬಿಳಿಗೂದಲಿನ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟುಕೊಂಡ ಹೆಂಗಸು. ಮೇಜಿನ ಮೇಲೆ ಗಾಜಿನ ಡಬ್ಬಿಯ ತುಂಬ ಚಾಕೊಲೇಟು. ಪ್ರಯಾಣ ಹೇಗಿತ್ತು ಎಂದು ಆಕೆ ರುಬೀನಾಳನ್ನು ಕೇಳಿದರು. ತುಂಬ ಉದ್ದದ ಪ್ರಯಾಣ, ಪಾಪ, ಊಟ ಸೇರಲಿಲ್ಲವಂತೆ ಎಂದು ನಾನಂದೆ. ಯಾವ ವಿಷಯ ಇಷ್ಟ ಎಂದರು. ಬಯಾಲಜಿ, ಸೈನ್ಸಿನಲ್ಲಿ ಎಂಬತ್ತೆಂಟು ಬಂದಿದೆ, ನಮ್ಮಲ್ಲಿ ಎಂಬತ್ತೆಂಟು ಅಂದರೆ ನಿಮ್ಮ ತೊಂಬತ್ತೆಂಟಕ್ಕೆ ಸಮ ಎಂದು ನಾನು ವಿವರವಾಗಿ ತಿಳಿಹೇಳಿದೆ. ಬಿಡುವಿನಲ್ಲಿ ಏನು ಮಾಡುತ್ತೀಯಾ ಎಂದರು. ಅದಕ್ಕೂ ನನ್ನದೇ ಉತ್ತರ. ಮಧ್ಯದಲ್ಲಿ ಯಾರೋ ಬಾಗಿಲು ತೆರೆದು ಇಣುಕಿದರೆ ರುಬೀನಾ ತಟ್ಟನೆ ಎದ್ದು ನಿಂತಳು. ಕೌನ್ಸೆಲರ್ ಚಾಕೊಲೇಟು ಡಬ್ಬಿ ಅವಳ ಮುಂದೆ ಹಿಡಿದರು. ಅವಳು ನನ್ನ ಮುಖ ನೋಡಿದಳು. "ತಗೋ," ಅಂದೆ. ಆಮೇಲೆ ತೆಗೆದುಕೊಂಡಳು. ಹೊರಗೆ ಬಂದು, ಅಲ್ಲಿ ಕಾಯುತ್ತಿದ್ದ ಜೈಬುನ್ನಿಸಾ ಅವರಿಗೆ, "ಕೆಲಸ ಆಯ್ತು ಅಂತ ತಿಳ್ಕೊಳ್ಳಿ," ಎಂದು ಜಂಬದಿಂದ ಹೇಳಿದೆ. ಅಂಥ ಸಮಾಧಾನದಲ್ಲಿ ಆವತ್ತು ಮಧ್ಯಾಹ್ನ ಮಲಗಿ ನಿದ್ದೆ ಕೂಡ ಮಾಡಿದೆ.

ಶುಕ್ರವಾರ ಸ್ಕೂಲಿನಿಂದ ಕಾಗದ ಬಂತು, ಒಂದು ಪ್ರತಿ ನನಗೂ. ರುಬೀನಾಳನ್ನು ಒಂಬತ್ತನೇ ಗ್ರೇಡಿಗೆ ಹಾಕಿದ್ದರು. ಜೊತೆಗೆ ಹೊಸದಾಗಿ ಇಂಗ್ಲಿಷ್ ಕಲಿಯುವವರ ಕ್ಲಾಸು.

ನಾನು ಕೆಂಡಾಮಂಡಲವಾಗಿ ಅವರ ಮನೆಗೆ ಹೋದೆ. ಇಮ್ತಿಯಾಜ್ ಆಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದರು. ಅವರ ಧ್ವನಿ ಮಾತ್ರ ತಣ್ಣಗಿತ್ತು. "ನೋಡ್ರಿ ಮೇಡಂ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹದಿನಾರು ವರ್ಷದ ಹುಡುಗೀನ ಸಣ್ಣ ಹುಡುಗೂರ ನಡುವ ಹ್ಯಾಂಗ ಕೂಡಸ್ಲಿ? ಎರಡು ವರ್ಷ ಹಾಳಾಗ್ತಾವ. ಹುಬ್ಬಳ್ಳ್ಯಾಗ ನನ್ನ ತಮ್ಮ ಮೊದಲ ಕಾಲೇಜಿನ್ಯಾಗ ಮಾತಾಡಿಟ್ಟಾನ. ಈ ತಿಂಗಳ ಕಡೀತನಕ ಸೀಟು ತಡೀತಾರಂತ. ಅವನ ಮನ್ಯಾಗ ಇದ್ದು ಪಿಯುಸಿ ಮುಗಸ್ಲಿ." ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ರುಬೀನಾ ಅಲ್ಲಿದ್ದಳು. ಜೈಬುನ್ನಿಸಾ ಗಂಡನ ಬೂಟುಗಳನ್ನು ಎತ್ತಿ ಗೋಡೆಯ ಬದಿಗೆ ಜೋಡಿಸಿಟ್ಟರು. ನಾಲ್ಕು ವರ್ಷ ಕಾದು ಒಟ್ಟಾದ ಮನೆ ಅದು. ನಾಲ್ಕು ವಾರಕ್ಕೇ ಮತ್ತೆ ಒಡೆಯುವುದರಲ್ಲಿತ್ತು.

ಮನೆಗೆ ಬಂದು ಕಾಗದವನ್ನು ಮತ್ತೆ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಷರಾ ಬರೆದಿತ್ತು: ಇಂಗ್ಲಿಷಿನಲ್ಲಿ ಕೇಳಿದ ಯಾವ ಪ್ರಶ್ನೆಗೂ ವಿದ್ಯಾರ್ಥಿನಿ ಉತ್ತರಿಸಲಿಲ್ಲ, ಜೊತೆಗೆ ಬಂದ ಮಹಿಳೆಯೇ ಉತ್ತರಿಸಿದರು. ಜೊತೆಗೆ ಬಂದ ಮಹಿಳೆ! ಹದಿನಾಲ್ಕು ವರ್ಷದ ಸರ್ವಿಸಿನವಳು! ನಮ್ಮವರಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, "ಲಲಿತಾ, ನಿನ್ನ ಮುಂದೆ ನನಗೇ ಬಾಯಿ ಬಿಡೋಕೆ ಆಗಲ್ಲ. ಪಾಪ, ಆ ಮಗು ಏನು ಮಾಡುತ್ತೆ?" ಅಂದರು. ಬೇರೆ ದಿನವಾಗಿದ್ದರೆ ಜಗಳವೇ ಆಗುತ್ತಿತ್ತು. ಆವತ್ತು ಸೋಫಾದ ಮೇಲೆ ಕುಸಿದು ಕೂತೆ. ನಮ್ಮ ಪಿಯು ಕಾಲೇಜಿನ ಅಡ್ಮಿಷನ್ ದಿನಗಳು ಕಣ್ಣ ಮುಂದೆ ಬಂದವು. ಅಪ್ಪಂದಿರು ಮಾತಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಮಗು ಗೋಡೆಗೆ ಒರಗಿ ನಿಂತಿರುತ್ತದೆ. ದೊಡ್ಡವರ ಮಧ್ಯೆ ಬಾಯಿ ಹಾಕದ ಮಗುವನ್ನೇ ನಾವು ಒಳ್ಳೆಯ ಮಗು ಅನ್ನುವುದು. ರುಬೀನಾ ನನಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದಳು. ಆ ಮರ್ಯಾದೆಯೇ ಅವಳ ಎರಡು ವರ್ಷವನ್ನು ತಿಂದಿತ್ತು. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ.

ಸೋಮವಾರ ಸ್ಕೂಲಿಗೆ ಹೋಗಿ ಕೌನ್ಸೆಲರ್ ಹತ್ತಿರ ಇನ್ನೊಂದು ಭೇಟಿ ಬೇಡಿಕೊಂಡೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಅಂದರು. ಅದರ ಮುಂದಿನ ಸೋಮವಾರವೇ ಸ್ಕೂಲು ಶುರು. ಕೈಯಲ್ಲಿದ್ದದ್ದು ಮೂರು ದಿನ. ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ, ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡು ಅಂದೆ. ಮಾರನೆಯ ದಿನ ಅವರ ಮನೆಗೆ ಹೋದಾಗ ರುಬೀನಾ ಸೂರು ನೋಡುತ್ತಾ ಎಲ್ಲವನ್ನೂ ಗಟ್ಟಿಯಾಗಿ ಒಪ್ಪಿಸಿದಳು. ಒಂದು ಕಾಮಾ ಕೂಡ ತಪ್ಪಲಿಲ್ಲ. ಪರೀಕ್ಷೆ ಮಾಡೋಣವೆಂದು ನಡುವೆ ಇಂಗ್ಲಿಷಿನಲ್ಲಿ, ಬೆಳಿಗ್ಗೆ ತಿಂಡಿ ಏನು ತಿಂದೆ ಎಂದು ಕೇಳಿದೆ. ಅವಳು ಗಾಬರಿಯಾಗಿ, "ಅದು ಎಷ್ಟನೇ ನಂಬರಿನ ಪ್ರಶ್ನೆರಿ ಮೇಡಂ?" ಎಂದಳು.

ಜೈಬುನ್ನಿಸಾ ನೆಲದ ಮೇಲೆ ಕೂತು ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚುತ್ತಿದ್ದರು, ಅಂಗಡಿಯಲ್ಲಿ ಎಲ್ಲೋ ಹುಳಿಕಾಯಿ ಸಿಕ್ಕಿತ್ತಂತೆ. ಅವರು ನಕ್ಕುಬಿಟ್ಟರು. ನಾನು ನಗಲಿಲ್ಲ. ರುಬೀನಾ ನೋಟ್‌ಬುಕ್ಕು ಮುಚ್ಚಿಟ್ಟಳು.

"ಮೇಡಂ, ಒಂದ್ ಮಾತು ಹೇಳ್ಲೇನ್ರಿ? ಬೈಬ್ಯಾಡ್ರಿ ಮತ್ತ."

"ಹೇಳು."

"ಗುರುವಾರ ನೀವು ಒಳಗ ಬರಬ್ಯಾಡ್ರಿ. ನನಗ ಇಂಗ್ಲಿಷ್ ಬರ್ತೈತ್ರಿ, ಸ್ವಲ್ಪ ತಡೀತೈತಿ ಅಷ್ಟ. ನಾ ಬಾಯಿ ತೆಗಿಯೂದ್ರಾಗ ನೀವು ಹೇಳಿಬಿಡ್ತೀರಿ. ಅಕ್ಕೋರು ಮಾತಾಡಾಕತ್ತಿದ್ರ ನಾ ಹ್ಯಾಂಗ ನಡುವ ಬಾಯಿ ಹಾಕ್ಲಿ?"

"ಏ ಹುಡುಗಿ!" ಎಂದು ತಾಯಿ ಗದರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು, ಇಲ್ಲ ಅಂದರೆ ಸುಳ್ಳಾದೀತು. ಮಾಡಿಟ್ಟ ಚಹಾ ಕುಡಿಯದೆ ಎದ್ದು ಬಂದೆ. ಈಜುಕೊಳದ ಸುತ್ತ ಮೂರು ಸುತ್ತು ಹಾಕಿದೆ, ಯಾರಿಗಾಗಿ ಇಷ್ಟೆಲ್ಲ ಮಾಡಿದೆ ಎಂದು ಗೊಣಗಿಕೊಂಡೆ. ಕ್ಲಬ್‌ಹೌಸಿನ ಗಾಜಿನೊಳಗೆ ಬೋರ್ಡು ಕಾಣುತ್ತಿತ್ತು. ಶನಿವಾರ ಬರೆದದ್ದನ್ನು ಯಾರೂ ಅಳಿಸಿರಲಿಲ್ಲ. ಎರಡು ಗೆರೆ ಎಳೆದ ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಆ ಹುಡುಗಿ ನನ್ನ ಪಾಠವನ್ನೇ ನನಗೆ ತಿರುಗಿಸಿ ಹೇಳಿದ್ದಳು. ಮನೆಗೆ ಹೋಗಿ ಫೋನು ಮಾಡಿ, "ಸರಿ ಕಣಮ್ಮಾ, ನಾನು ಹೊರಗೇ ಇರ್ತೀನಿ," ಎಂದೆ. ಆ ಕಡೆಯಿಂದ, "ಚಹಾ ಬಿಟ್ಟು ಹೋದ್ರಲ್ಲರಿ," ಎಂದಳು.

ಗುರುವಾರ ಕೋಣೆಯ ಬಾಗಿಲು ರುಬೀನಾಳ ಹಿಂದೆ ಮುಚ್ಚಿಕೊಂಡಿತು. ಹೊರಗಿನ ಮರದ ಬೆಂಚಿನ ಮೇಲೆ ನಾನು, ಜೈಬುನ್ನಿಸಾ. ಬಾಗಿಲಿನಲ್ಲಿ ಅಂಗೈಯಗಲದ ಗಾಜಿತ್ತು. ಅದರಲ್ಲಿ ಕಾಣುತ್ತಿದ್ದದ್ದು ರುಬೀನಾಳ ಬೆನ್ನು, ಕೌನ್ಸೆಲರ್ ಅವರ ಅರ್ಧ ಮುಖ. ಕೌನ್ಸೆಲರ್ ಏನೋ ಕೇಳಿದರು. ಬೆನ್ನು ಅಲುಗಲಿಲ್ಲ. ಒಂದು ನಿಮಿಷವಾಯಿತು. ನನ್ನ ಗಂಟಲಿನಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಎದ್ದೇಬಿಟ್ಟೆ. ಜೈಬುನ್ನಿಸಾ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದರು.

"ಕೂಡ್ರಿ ಅಕ್ಕೋರ. ನನಗೂ ಹೋಗಬೇಕನಸ್ತೈತಿ," ಎಂದರು. ಆಮೇಲೆ ಗಾಜಿನ ಕಡೆಯೇ ನೋಡುತ್ತಾ ಹೇಳಿದರು. "ನಾಲ್ಕು ವರ್ಷ ಅವರಪ್ಪನ ಜೋಡಿ ಫೋನಿನ್ಯಾಗ ಮಾತಾಡ್ಯಾಳ್ರಿ. ಏರ್‌ಪೋರ್ಟಿನ್ಯಾಗ ಎದುರಿಗೆ ನೋಡಿ ನನ್ನ ಹಿಂದ ಅಡಗಿದ್ಲು, ಸಣ್ಣ ಕೂಸಿನಂಗ. ಈಗ ಎಂಟು ದಿನದಿಂದ ಅವರ ತಾಟಿಗೆ ತಾನ ರೊಟ್ಟಿ ಹಾಕ್ತಾಳ. ಈಗ ಕಳಸಿಬಿಡು ಅಂದ್ರ ಹ್ಯಾಂಗ ಕಳಸ್ಲಿ ಹೇಳ್ರಿ." ಅವರ ಕಣ್ಣು ತುಂಬಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಆ ಕೈಗೆ ಇನ್ನೂ ಮಾವಿನಕಾಯಿಯ ಸೊನೆಯ ವಾಸನೆಯಿತ್ತು. ಇಬ್ಬರೂ ಮತ್ತೆ ಗಾಜಿನ ಕಡೆ ನೋಡಿದೆವು. ರುಬೀನಾಳ ಬಲಗೈ ಮೇಲೆದ್ದಿತ್ತು. ಗಾಳಿಯಲ್ಲಿ ಏನನ್ನೋ ಹೆಚ್ಚುತ್ತಿತ್ತು, ಆಮೇಲೆ ಏನನ್ನೋ ಉದುರಿಸುತ್ತಿತ್ತು. ಕೌನ್ಸೆಲರ್ ಕುತ್ತಿಗೆಯ ಕನ್ನಡಕವನ್ನು ಏರಿಸಿಕೊಂಡು ಮುಂದಕ್ಕೆ ಬಾಗಿದರು.

ನಲವತ್ತು ನಿಮಿಷವಾದ ಮೇಲೆ ಬಾಗಿಲು ತೆರೆಯಿತು. ರುಬೀನಾಳ ಕೈಯಲ್ಲಿ ಹೊಸ ಕಾಗದವಿತ್ತು. ಮುಖ ಬೆವೆತಿತ್ತು, ಕೆನ್ನೆಯೊಳಗೆ ಚಾಕೊಲೇಟು ಇತ್ತು. "ಹನ್ನೊಂದು!" ಎಂದಳು. ಬಯಾಲಜಿ, ಗಣಿತ ಎಲ್ಲ ಹನ್ನೊಂದರದೇ. ಇಂಗ್ಲಿಷ್ ಮಾತ್ರ ಒಂದು ವರ್ಷ ಕೆಳಗಿನ ಕ್ಲಾಸು, ಡಿಸೆಂಬರಿನಲ್ಲಿ ಮತ್ತೆ ನೋಡುತ್ತಾರೆ. ಜೈಬುನ್ನಿಸಾ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ವರಾಂಡದಲ್ಲಿ ಅತ್ತುಬಿಟ್ಟರು. ನಾನೂ ಅತ್ತೆ. ಅಡ್ಮಿಷನ್ನಿಗೆ ಬಂದು ನಮ್ಮನ್ನು ದಾಟಿಹೋದ ಮಕ್ಕಳು, ಯಾರಾದರೂ ಹೋಗಿಬಿಟ್ಟರೋ ಏನೋ ಎಂದು ತಿರುತಿರುಗಿ ನೋಡಿದರು.

ಒಳಗೆ ನಡೆದದ್ದು ಕಾರಿನಲ್ಲಿ ತಿಳಿಯಿತು. ಕೌನ್ಸೆಲರ್ ಬಯಾಲಜಿ ಪುಸ್ತಕ ತೆರೆದು, ನೀರು ಜೀವಕೋಶದಿಂದ ಆಚೆ ಹೇಗೆ ಬರುತ್ತದೆ ಎನ್ನುವ ಪುಟ ಓದಿಸಿ, ವಿವರಿಸು ಎಂದಿದ್ದರಂತೆ. ಪುಸ್ತಕದ ಮಾತು ಸಿಗದೆ ಇವಳು ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಸವರಿಟ್ಟರೆ ನೀರು ಬಿಡುವುದನ್ನು ಕೈಯಲ್ಲೇ ಮಾಡಿ ತೋರಿಸಿದ್ದಳು. "ಮತ್ತೆ ಹೋದ ಸಲ ಯಾಕೆ ಮಾತಾಡಲಿಲ್ಲ ಅಂತ ಕೇಳಲಿಲ್ವಾ?" ಎಂದೆ. "ಕೇಳಿದ್ರರಿ," ಎಂದು ಕಿಟಕಿಯ ಹೊರಗೆ ನೋಡಿದಳು. "ಅವರು ನಮ್ಮ ಟೀಚರು, ಟೀಚರು ಮಾತಾಡುವಾಗ ನಾವು ಮಾತಾಡಂಗಿಲ್ಲ. ಗೊತ್ತಿಲ್ಲ ಅಂತ ಸುಮ್ಮನಿದ್ದಿದ್ದಲ್ಲ ಅಂತ ಹೇಳಿದ್ನಿ." ಆವತ್ತು ಸಂಜೆ ಇಮ್ತಿಯಾಜ್ ಹುಬ್ಬಳ್ಳಿಗೆ ಫೋನು ಮಾಡಿ ಸೀಟು ಬೇಡವೆಂದು ಹೇಳಿದರು.

ಆಮೇಲಿನ ಕಥೆ ಆ ಊರಿನ ಎಲ್ಲರ ಕಥೆಯೇ. ಮಾರ್ಚು ಬರುವಷ್ಟರಲ್ಲಿ ಬೋರ್ಡುಗಳ ಮೇಲಿನ ಡಾಟ್ ಕಾಮುಗಳು ಒಂದೊಂದಾಗಿ ಮಾಯವಾದವು. ತಾವೇ ಎಳೆದಿದ್ದ ಕೇಬಲ್ಲುಗಳನ್ನು ಖಾಲಿ ಆಫೀಸುಗಳಿಂದ ಸುತ್ತಿ ತರುವ ಕೆಲಸ ಇಮ್ತಿಯಾಜ್ ಅವರ ಪಾಲಿಗೆ ಬಂತು. ಅದಾದರೂ ಇತ್ತು. ನಮ್ಮವರ ಕಂಪನಿ ಬಾಗಿಲು ಹಾಕಿತು, ವೀಸಾ ಮುಗಿಯಿತು, ಜೂನಿನಲ್ಲಿ ಮೈಸೂರಿಗೆ ಹೊರಟು ನಿಂತೆವು. ಮತ್ತೆ ಕಾಲೇಜಿಗೆ ಅರ್ಜಿ ಹಾಕುವಾಗ ತೋರಿಸಲು ಒಂದು ಪತ್ರ ಕೊಡಿ ಎಂದು ಕೇಳಲು ಅದೇ ಕೌನ್ಸೆಲರ್ ಕೋಣೆಗೆ ಹೋದೆ. ರುಬೀನಾ ಹನ್ನೊಂದು ಮುಗಿಸಿದ್ದಳು, ಇಂಗ್ಲಿಷಿನಲ್ಲೂ ಮೇಲಿನ ಕ್ಲಾಸಿಗೆ ಬಂದಿದ್ದಳು. ಜೊತೆಗೆ ಬರುತ್ತೇನೆಂದು ಹಟ ಮಾಡಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಕೌನ್ಸೆಲರ್ ಪೆನ್ನು ಹಿಡಿದು ಕೇಳಿದರು. ಈ ವರ್ಷ ನೀವು ಇಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಯಾವುದು, ಅದನ್ನೇ ಮೊದಲು ಬರೆಯುತ್ತೇನೆ ಎಂದರು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಕಿಟಕಿ, ಮೇಜು, ಅಂಗೈಯಗಲದ ಗಾಜು, ಇನ್ನು ಇದ್ಯಾವುದನ್ನೂ ಮತ್ತೆ ನೋಡುವುದಿಲ್ಲ ಅನ್ನಿಸಿತು. ರುಬೀನಾ ನನ್ನ ಮುಖ ನೋಡಿದಳು, ಕೌನ್ಸೆಲರ್ ಕಡೆ ಬಾಗಿದಳು, ನನ್ನ ಪರವಾಗಿ ಇಂಗ್ಲಿಷಿನಲ್ಲಿ ಒಂದು ಮಾತು ಶುರು ಮಾಡಿದಳು. ಅಷ್ಟರಲ್ಲಿ ಏನೋ ಹೊಳೆದವಳಂತೆ ತುಟಿ ಬಿಗಿದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಒರಗಿ ಕಾದಳು. ಎಷ್ಟು ಹೊತ್ತಾಯಿತೋ ಕಾಣೆ. ಕಾದಳು.

"ಆಗಸ್ಟಿನಲ್ಲಿ ಒಂದು ದಿನ," ಎಂದೆ ಕೊನೆಗೆ, "ಈ ಬಾಗಿಲಾಚೆಯ ಬೆಂಚಿನ ಮೇಲೆ ನಲವತ್ತು ನಿಮಿಷ ಬಾಯಿ ಮುಚ್ಚಿ ಕೂತಿದ್ದೆ."

ಕೌನ್ಸೆಲರ್ ಜೋರಾಗಿ ನಕ್ಕರು. ರುಬೀನಾ ನಗಲಿಲ್ಲ. ಮೇಜಿನ ಮೇಲಿನ ಗಾಜಿನ ಡಬ್ಬಿಯನ್ನು ಎಳೆದು, ಮುಚ್ಚಳ ತೆಗೆದು, ನನ್ನ ಮುಂದೆ ಹಿಡಿದಳು.

"ತಗೋರಿ ಮೇಡಂ," ಅಂದಳು.